ಗುಮಾಸ್ತರ ಮೇಜಿನಿಂದ: ಮನೆಗೆ ಬಂದ ಕಛೇರಿ

ನಮ್ಮ ಫರೀದಾಬಾದಿನ ಕನ್ನಡ ಕುಟುಂಬಗಳಲ್ಲಿ ಈಚೆಗೆ ಕಛೇರಿಯೂ ಮನೆಯ ಒಬ್ಬ ಸದಸ್ಯನಂತೆ ಬಂದು ಕೂತುಬಿಟ್ಟಿದೆ. ವಾರದಲ್ಲಿ ಮೂರು ದಿನ ಗುರುಗ್ರಾಮದ ಕಂಪನಿಗೆ ಹೋಗುವ ಮಗ ಉಳಿದೆರಡು ದಿನ ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಕೂರುತ್ತಾನೆ. ಒಗ್ಗರಣೆಯ ಸದ್ದಾದರೆ ಮುಖ ಸಿಂಡರಿಸುತ್ತಾನೆ. ಇದು ಸುಖವೋ ಕಷ್ಟವೋ ಗೃಹಿಣಿಯರೇ ಹೇಳಬೇಕು.

ಈ ಏರ್ಪಾಡು ಬಲವಾಗಿ ಬೇರೂರಿದ್ದು ಮಹಾಮಾರಿಯ ಕಾಲದಲ್ಲಿ. ೨೦೨೦ರ ಮಾರ್ಚ್ ೧೯ರಂದು ಕೇಂದ್ರ ಸರ್ಕಾರವು 'ಬಿ' ಮತ್ತು 'ಸಿ' ವರ್ಗದ ನೌಕರರಲ್ಲಿ ಅರ್ಧದಷ್ಟು ಮಂದಿ ಕಛೇರಿಗೆ ಬರತಕ್ಕದ್ದು, ಉಳಿದವರು ಮನೆಯಿಂದಲೇ ಕೆಲಸ ಮಾಡತಕ್ಕದ್ದು ಎಂದು ಆಜ್ಞೆ ಹೊರಡಿಸಿತು. ಆರೇ ದಿನದಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಕಡತಗಳನ್ನು ಕಂಪ್ಯೂಟರಿನಲ್ಲಿ ಓಡಾಡಿಸುವ ಇ-ಆಫೀಸ್ ಮೊದಲೇ ಇದ್ದುದರಿಂದ ಟಿಪ್ಪಣಿ ಬರೆಯುವ ಕೆಲಸ ಪೂರ್ತಿ ನಿಲ್ಲಲಿಲ್ಲ. ಅದನ್ನು ರಚಿಸಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಆ ಕೇಂದ್ರದ ಸ್ಥಾಪಕ ಮಹಾನಿರ್ದೇಶಕರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಓದಿದ ಡಾ. ಎನ್. ಶೇಷಗಿರಿಯವರೆಂಬುದು ನಮಗೆ ಹೆಮ್ಮೆಯ ಮಾತು. ಮುಂದೆ ೨೦೨೪ರ ನವೆಂಬರಿನಲ್ಲಿ ದೆಹಲಿಯ ಹೊಗೆ ಮಿತಿಮೀರಿದಾಗಲೂ ಅರ್ಧ ಸಿಬ್ಬಂದಿಯ ಅದೇ ಸೂತ್ರ ಮತ್ತೆ ಹೊರಬಂತು.

ಆದರೆ ಮನೆಯ ಯಂತ್ರ ಕಛೇರಿಯ ಕಡತವನ್ನು ಭದ್ರವಾಗಿ ಮುಟ್ಟುವುದು ಹೇಗೆ? ಗುಮಾಸ್ತರಿಗೆ ಇದು ಹೊಸದಲ್ಲ. ಗೋಪ್ಯ ಪತ್ರಕ್ಕೆ ಎರಡು ಲಕೋಟೆ: ಒಳಗಿನದಕ್ಕೆ ಮೊಹರು, ಹೊರಗಿನದಕ್ಕೆ ಬರೀ ವಿಳಾಸ. ವಿ.ಪಿ.ಎನ್. ಎಂಬುದು ಮಾಡುವುದೂ ಇದನ್ನೇ. ಲಕೋಟೆ ಎಲ್ಲಿಗೆ ಹೋಗುತ್ತದೆಂದು ಅಂಚೆಯವನಿಗೆ ಗೊತ್ತು, ಒಳಗೇನಿದೆಯೆಂದು ಗೊತ್ತಿಲ್ಲ. ಮನೆಯಿಂದ ಹೊರಟದ್ದು ಗುಪ್ತಲಿಪಿಯಾಗಿ ಸಾಗಿ ಕಛೇರಿಯ ಹೆಬ್ಬಾಗಿಲಿನಲ್ಲಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಪಾಸ್‌ವರ್ಡಿನ ಜೊತೆಗೆ ಸಾಮಾನ್ಯವಾಗಿ ಮೊಬೈಲಿಗೆ ಬಂದ ಓ.ಟಿ.ಪಿ.ಯನ್ನೂ ಕೇಳುತ್ತಾರೆ.

ದಾರಿ ಭದ್ರವಾದ ಮಾತ್ರಕ್ಕೆ ಹೊರಡುವ ಮನೆ ಭದ್ರವೆನ್ನಲಾಗದು. ಮಗು ಅದೇ ಯಂತ್ರಕ್ಕೆ ಆಟವೊಂದನ್ನು ಇಳಿಸಿಕೊಂಡು, ಅದರೊಡನೆ ಕಳ್ಳ ತಂತ್ರಾಂಶವೂ ಒಳಹೊಕ್ಕರೆ, ಆ ಕಳ್ಳನು ಭದ್ರವಾದ ಸುರಂಗದಲ್ಲೇ ರಾಜಾರೋಷವಾಗಿ ಕಛೇರಿಗೆ ನಡೆದಾನು. ಆದಕಾರಣ ಈಗ ಅನೇಕ ಸಂಸ್ಥೆಗಳು ಹೆಬ್ಬಾಗಿಲು ದಾಟಿದವನನ್ನೂ ನಂಬದೆ, ಒಂದೊಂದು ಬೀರುವಿಗೂ ಬೇರೆ ಬೀಗ ಹಾಕುತ್ತಿವೆ. ಇದಕ್ಕೆ 'ಜೀರೋ ಟ್ರಸ್ಟ್' ಎಂದು ಹೆಸರು. ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಶಾಸ್ತ್ರ ಚೆನ್ನಾಗಿಯೇ ತಿಳಿದಿತ್ತು!

ಕೇಂದ್ರ ಸರ್ಕಾರವು ೨೦೨೨ರ ಜೂನಿನಲ್ಲಿ ತನ್ನ ನೌಕರರಿಗೆ ಹೊರಗಿನವರ ವಿ.ಪಿ.ಎನ್. ಬಳಸಬೇಡಿ, ಸರ್ಕಾರಿ ಕಡತವನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳಲ್ಲಿ ಇಡಬೇಡಿ ಎಂದು ಸ್ಪಷ್ಟವಾಗಿ ಹೇಳಿತು. ಖಾಸಗಿ ಕಂಪನಿಯವರಿಗೂ ಈ ಬುದ್ಧಿವಾದ ಒಪ್ಪುತ್ತದೆ. ಬಿಟ್ಟಿಯಾಗಿ ಸಿಗುವ ವಿ.ಪಿ.ಎನ್. ಎಂದರೆ ನಮ್ಮ ಮೊಹರನ್ನು ಅಪರಿಚಿತನ ಕೈಗೆ ಕೊಟ್ಟಂತೆ.

ಊರಿನಲ್ಲಿ ವಯಸ್ಸಾದ ತಂದೆತಾಯಿಗಳಿರುವ ನಮ್ಮಂಥವರಿಗೆ ಈ ವ್ಯವಸ್ಥೆಯ ಬೆಲೆ ದೊಡ್ಡದು. ಧಾರವಾಡದಲ್ಲಿ ಅಮ್ಮನಿಗೆ ಶಸ್ತ್ರಚಿಕಿತ್ಸೆಯಾದರೆ, ರಜೆ ಕಳೆಯದೆ ಹದಿನೈದು ದಿನ ಅಲ್ಲಿದ್ದು ಕೆಲಸವನ್ನೂ ಮಾಡಬಹುದು. ಹೊರಡುವ ಮೊದಲು ಮೇಲಧಿಕಾರಿಯಿಂದ ಲಿಖಿತ ಅನುಮತಿ ಪಡೆಯಿರಿ. ಎಲ್ಲ ಕಂಪನಿಗಳೂ ಬೇರೆ ಊರಿನಿಂದ ಕೆಲಸ ಮಾಡಲು ಒಪ್ಪುವುದಿಲ್ಲ. "ನಿಮ್ಮ ಕಛೇರಿಯ ಕಂಪ್ಯೂಟರ್ ವಿಭಾಗದಿಂದ ಮಾತಾಡುತ್ತಿದ್ದೇವೆ, ಓ.ಟಿ.ಪಿ. ಹೇಳಿ" ಎಂದು ಯಾರಾದರೂ ಫೋನು ಮಾಡಿದರೆ ಹೇಳದೆ ಇಟ್ಟುಬಿಡಿ. ಅಕಸ್ಮಾತ್ ಮನೆಯವರು ಯಾರಾದರೂ ಹೇಳಿಬಿಟ್ಟಿದ್ದರೆ ಅವರನ್ನು ಗದರುತ್ತ ಕೂಡದೆ ಆ ಗಳಿಗೆಯಲ್ಲೇ ಕಛೇರಿಗೆ ತಿಳಿಸಿ, ಬೆಳಗಾಗುವವರೆಗೆ ಕಾಯಬೇಡಿ.