ಹಸಿರು ಚಹಾವನ್ನು ಮದ್ದಾಗಿಸಬೇಡಿ

ನಗರದ ಔಷಧಿ ಅಂಗಡಿಗಳಲ್ಲಿ ಹಸಿರು ಚಹಾದ ಡಬ್ಬಗಳು ಕೆಮ್ಮಿನ ಸಿರಪ್ಪಿನ ಪಕ್ಕದಲ್ಲೇ ಕುಳಿತಿರುವುದನ್ನು ಕಂಡಿದ್ದೇನೆ. ಕೊಳ್ಳುವವರಲ್ಲಿ ಅನೇಕರಿಗೆ ರುಚಿಯ ಹಂಬಲವಿಲ್ಲ. ತೂಕ ಇಳಿದೀತೆಂಬ ಆಸೆಯಿಂದ ಮುಖ ಕಿವುಚಿಕೊಂಡೇ ಕುಡಿಯುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ.

ಹಸಿರು ಚಹಾ ಬೇರೆ ಗಿಡದ್ದೇನಲ್ಲ. ನಾವು ಹಾಲು ಬೆರೆಸಿ ಕುಡಿಯುವ ಚಹಾದ ಎಲೆಯೇ ಅದು. ಕೊಯ್ದ ಎಲೆಯನ್ನು ಕಪ್ಪಾಗಲು ಬಿಡದೆ, ಜಪಾನಿನಲ್ಲಿ ಹೆಚ್ಚಾಗಿ ಹಬೆಯಲ್ಲಿ, ಚೀನಾದಲ್ಲಿ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸುತ್ತಾರೆ. ಹೀಗಾಗಿ ಕ್ಯಾಟೆಚಿನ್ ಎಂಬ ಸಂಯುಕ್ತಗಳು ಅದರಲ್ಲಿ ಹೆಚ್ಚು ಉಳಿಯುತ್ತವೆ. ಅದಕ್ಕೆ ಗುಣವೇ ಇಲ್ಲವೆಂದು ನಾನು ಹೇಳಲಾರೆ. ಜಪಾನಿನ ಮಿಯಾಗಿ ಪ್ರಾಂತ್ಯದ 40,530 ಮಂದಿಯನ್ನು ಕುರಿತ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಹಸಿರು ಚಹಾ ಹೆಚ್ಚು ಕುಡಿಯುವವರಲ್ಲಿ ಹೃದಯ ಹಾಗೂ ರಕ್ತನಾಳದ ಕಾಯಿಲೆಗಳಿಂದ ಸಂಭವಿಸುವ ಸಾವು ಕಡಿಮೆಯಿತ್ತು. ಕ್ಯಾನ್ಸರ್ ಸಾವುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇನ್ನು ತೂಕದ ಮಾತು. ಆವರೆಗಿನ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2012ರ ಕಾಕ್ರೇನ್ ವರದಿಯ ಪ್ರಕಾರ, ಇಳಿಕೆ ಲೆಕ್ಕಕ್ಕೆ ಬರುವಷ್ಟಿಲ್ಲ.

ಆದರೂ ಊಟವಾದ ಕೂಡಲೇ ಒಂದು ಲೋಟ ಕುಡಿಯುವ ರೂಢಿ ಬೆಳೆದಿದೆ. ನನಗೆ ಕಳವಳ ತರುವುದು ಇದೇ. ಮುದ್ದೆ, ಸೊಪ್ಪು, ಕಾಳುಗಳಿಂದ ಬರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ಚಹಾದ ಒಗರು ಅಂಶಗಳು ತಡೆಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 49ರ ವಯೋಮಾನದ ಮಹಿಳೆಯರ ಪೈಕಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಸೊಂಟದ ಸುತ್ತಳತೆಯ ಚಿಂತೆಯಲ್ಲಿ ರಕ್ತದ ಚಿಂತೆಯನ್ನು ಮರೆಯುವುದು ಯಾವ ಆರೋಗ್ಯ? ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ಇದರ ಸಾರವನ್ನು ಗುಳಿಗೆ ಮಾಡಿ ನುಂಗುವವರೂ ಇದ್ದಾರೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ, ಅಂದರೆ ಇದರ ಮುಖ್ಯ ಕ್ಯಾಟೆಚಿನ್, ಗುಳಿಗೆಗಳ ಮೂಲಕ ಒಳಹೋದರೆ ಯಕೃತ್ತಿಗೆ ತೊಂದರೆಯಾಗಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಎಲೆಯನ್ನು ನೀರಿನಲ್ಲಿ ನೆನೆಸಿ ಕುಡಿಯುವವರಿಗೆ ಸಾಮಾನ್ಯವಾಗಿ ಆ ಭಯವಿಲ್ಲ.

ಕಹಿಯೇ ಗುಣವೆಂಬ ನಂಬಿಕೆಯನ್ನೂ ಬಿಡಬೇಕು. ಎಷ್ಟೋ ಸಲ ಕಹಿಗೆ ಕಾರಣ ನಮ್ಮ ಕೈ. ಹಾಲಿನ ಚಹಾದಂತೆ ಇದನ್ನು ಒಲೆಯ ಮೇಲೆ ಕುದಿಸಬಾರದು. ಕುದಿದ ನೀರನ್ನು ಇಳಿಸಿ, ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಆರಲು ಬಿಟ್ಟು, ಲೋಟಕ್ಕೆ 2 ಗ್ರಾಂನಷ್ಟು ಎಲೆ ಹಾಕಿ, ಎರಡು ಮೂರು ನಿಮಿಷಗಳಲ್ಲಿ ಸೋಸಿಬಿಡಬೇಕು. ಒಳ್ಳೆಯ ಎಲೆಯಾದರೆ ಅದಕ್ಕೇ ಮತ್ತೊಮ್ಮೆ ನೀರು ಹಾಕಬಹುದು. ನಿಂಬೆರಸ ನಿಮ್ಮ ಇಷ್ಟ. ಹಾಲು ಮಾತ್ರ ಬೇಡ.