ಕಬ್ಬಿಣ ಕೂಗುತ್ತೆ, ಕೇಳುವವರು ಯಾರು?

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರನ್ನು ನೋಡಿ. ಬೆರಳ ಗೆಣ್ಣಿನಿಂದ ಒಂದೇಟು ಹೊಡೆದು ಕಿವಿಗೊಡುತ್ತಾರೆ. ಟಣ್ ಅಂದರೆ ಗಟ್ಟಿ, ದೊಬ್ ಅಂದರೆ ಬಿರುಕು. ಹಿಂದೆ ಗಲ್ಲಾದ ಮೇಲೆ ಕೂತ ಸೆಟ್ಟರು ಬೆಳ್ಳಿ ರೂಪಾಯಿಯನ್ನು ಕಲ್ಲಿಗೆ ಬಡಿದು, ಸದ್ದಿನಲ್ಲೇ ಖೋಟಾ ಯಾವುದು ಅಂತ ಹೇಳುತ್ತಿದ್ದರು. ಒಂದು ಮಡಕೆಗೆ, ಒಂದು ರೂಪಾಯಿಗೆ ಇಷ್ಟು ಪರೀಕ್ಷೆ. ಆದರೆ ಐವತ್ತು ಜನರನ್ನು ಹೊತ್ತು ಓಡುವ ಬಸ್ಸಿನ ಆಕ್ಸಲ್ ಬಗ್ಗೆ? ಅದನ್ನು ಬಡಿದವರು ಯಾರು, ಪರೀಕ್ಷೆ ಮಾಡಿದವರು ಯಾರು ಅಂತ ನಾವ್ಯಾರೂ ಕೇಳುವುದಿಲ್ಲ. ಇವತ್ತಿನ ತಕರಾರು ಇದೇ.

ಶಿವಮೊಗ್ಗ-ಭದ್ರಾವತಿ ನಡುವೆ ದಿನಾ ಓಡಾಡುವವರಿಗೆ ಕಬ್ಬಿಣದ ಕಥೆ ಹೊಸದಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಲು ಶುರುವಾಯಿತು. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಅದು ಬೇರೆ ರಾಮಾಯಣ. ಆದರೆ ಅಲ್ಲಿ ಉಕ್ಕನ್ನು ಕರಗಿಸಿದ್ದಷ್ಟೇ ಅಲ್ಲ, ಕಾಯಿಸಿ ಬಡಿದದ್ದೂ ಉಂಟು. ಅದಕ್ಕೇ ಈ ಮಾತು ನಮ್ಮೂರಿನದೂ ಹೌದು.

ಎರಕ ಅಂದರೆ ಕರಗಿಸಿ ಅಚ್ಚಿಗೆ ಸುರಿಯೋದು. ಫೋರ್ಜಿಂಗ್ ಅಂದರೆ ಬಡಿಯೋದು. ಕಮ್ಮಾರ ಕುಡುಗೋಲಿಗೆ ಮಾಡುವ ಕೆಲಸವನ್ನೇ ದೊಡ್ಡ ಕಾರ್ಖಾನೆಯಲ್ಲಿ ಹ್ಯಾಮರು, ಪ್ರೆಸ್ಸುಗಳು ಮಾಡುತ್ತವೆ. ಉಕ್ಕನ್ನು ಸುಮಾರು 1,200 ಡಿಗ್ರಿ ಕಾಯಿಸಿ, ಎರಡು ಡೈಗಳ ನಡುವೆ ಇಟ್ಟು ಒತ್ತಿದರೆ ಬೇಕಾದ ಆಕಾರ ಬರುತ್ತದೆ. ಬಸ್ಸಿನ ಆಕ್ಸಲ್ ಶಾಫ್ಟು, ಮುಂದಿನ ಗಾಲಿಯ ಸ್ಟಬ್ ಆಕ್ಸಲ್ಲು, ಎಂಜಿನ್ನಿನ ಕನೆಕ್ಟಿಂಗ್ ರಾಡು ಎಲ್ಲ ಹೀಗೆ ಹುಟ್ಟಿದವು. ಬಡಿದ ಉಕ್ಕಿಗೆ ಬಲ ಜಾಸ್ತಿ. ಆದರೆ ಬಡಿಯುವಾಗ ಲೋಹ ಮಡಿಚಿಕೊಳ್ಳಬಹುದು, ಹೊಟ್ಟೆಯೊಳಗೆ ಸೀಳಬಹುದು. ಉಕ್ಕಿನಲ್ಲಿ ಹೈಡ್ರೋಜನ್ ಅನಿಲ ಉಳಿದಿದ್ದರೆ, ತಣ್ಣಗಾಗಿ ದಿನ ಕಳೆದ ಮೇಲೂ ಒಳಗೇ ಬಿರುಕು ಬಿಡಬಹುದು. ಮೇಲೆ ಬಣ್ಣ ಹಚ್ಚಿದ ಮೇಲೆ ಯಾವ ಕಣ್ಣಿಗೆ ಕಾಣಬೇಕು?

ಇಂಥ ಹುಟ್ಟುದೋಷ ಎಷ್ಟು ಕಾಲ ಸುಮ್ಮನೆ ಮಲಗಿರುತ್ತದೆ ಅನ್ನುವುದಕ್ಕೆ ಅಮೆರಿಕದ ಒಂದು ಉದಾಹರಣೆ ಸಾಕು. 1989ರ ಜುಲೈ 19ರಂದು ಸೂ ಸಿಟಿಯಲ್ಲಿ ಒಂದು ವಿಮಾನ ಬಿತ್ತು. 296 ಮಂದಿಯಲ್ಲಿ 112 ಮಂದಿ ಸತ್ತರು. ಎಂಜಿನ್ನಿನ ಟೈಟಾನಿಯಂ ಚಕ್ರವೊಂದು ಆಕಾಶದಲ್ಲೇ ಒಡೆದಿತ್ತು. ಲೋಹ ತಯಾರಿಸುವಾಗಲೇ ಸೇರಿಕೊಂಡ ಸಣ್ಣ ದೋಷ ಅದು. ಅದೇ ಜಾಗದಿಂದ ಬಿರುಕು ಬೆಳೆಯಿತು. ಹದಿನೇಳು ವರ್ಷ ಹಾರಿತು, ತಪಾಸಣೆಗಳೂ ಆದವು, ಆದರೂ ಬಿರುಕು ಸಿಗಲಿಲ್ಲ. ಆಮೇಲೆ ನೋಡಿದರಾಯಿತು ಅನ್ನುವವರು ಇದನ್ನು ಮರೆಯಬಾರದು.

ಹಾಗಾದರೆ ದಾರಿ ಏನು? ಲೋಹ ಒಡೆಯುವಾಗ ಸುಮ್ಮನೆ ಒಡೆಯುವುದಿಲ್ಲ ಸ್ವಾಮಿ, ಕೂಗುತ್ತದೆ. ತವರದ ಕಡ್ಡಿಯನ್ನು ಬಗ್ಗಿಸಿದರೆ ಕಿರ್ ಅನ್ನುವುದು ಕುಲುಮೆಯವರಿಗೆ ಮೊದಲಿಂದ ಗೊತ್ತು. ಜರ್ಮನಿಯ ಜೋಸೆಫ್ ಕೈಸರ್ 1950ರಲ್ಲಿ ಈ ವಿಷಯದ ಮೇಲೇ ಪ್ರಬಂಧ ಬರೆದರು. ಲೋಹವನ್ನು ಎಳೆದಾಗ ಒಳಗಿಂದ ಸದ್ದು ಬರುತ್ತದೆ. ಅದೇ ಭಾರವನ್ನು ಮತ್ತೆ ಹೇರಿದರೆ, ಮೊದಲಿನ ಭಾರ ದಾಟುವ ತನಕ ಹೊಸ ಸದ್ದು ಹೆಚ್ಚಾಗಿ ಬರುವುದಿಲ್ಲ ಅಂತ ತೋರಿಸಿದರು. ಲೋಹಕ್ಕೂ ನೆನಪು ಅಂತ ಇದೆ ಅಂದ ಹಾಗಾಯಿತು. ಈ ವಿದ್ಯೆಗೆ ಅಕೌಸ್ಟಿಕ್ ಎಮಿಷನ್ ಅನ್ನುತ್ತಾರೆ.

ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನದ ತನಕ ಮಾತ್ರ ಕೇಳುತ್ತದೆ. ಬಿರುಕಿನ ಸದ್ದನ್ನು ಯಂತ್ರ ಹುಡುಕುವುದು ಸಾಮಾನ್ಯವಾಗಿ ಒಂದು ಲಕ್ಷದಿಂದ ಹತ್ತು ಲಕ್ಷ ಕಂಪನಗಳ ನಡುವೆ. ಕಾರ್ಖಾನೆಯ ಗಡಗಡ ಹೆಚ್ಚಾಗಿ ಅದಕ್ಕಿಂತ ಕೆಳಗೇ ಇರುವುದರಿಂದ ಅದನ್ನು ಸೋಸಿ ಬಿಡಬಹುದು. ಅಡಿಗೆಮನೆಯ ಗ್ಯಾಸ್ ಲೈಟರು ಒತ್ತಿದರೆ ಕಿಡಿ ಬರುತ್ತದಲ್ಲ, ಅದೇ ಜಾತಿಯ ಹರಳಿರುವ ಸೆನ್ಸರನ್ನು ಡೈಗೋ ಪ್ರೆಸ್ಸಿಗೋ ಅಂಟಿಸುತ್ತಾರೆ. ಬಿರುಕು ಬಿಟ್ಟ ಕ್ಷಣ ಹರಳು ನಡುಗುತ್ತದೆ, ವಿದ್ಯುತ್ತು ಹುಟ್ಟುತ್ತದೆ, ಯಂತ್ರ ಎಚ್ಚರಿಸುತ್ತದೆ. ಆ ಮಾಲು ಅಲ್ಲೇ ಬೇರೆಯಾಗುತ್ತದೆ.

ಇದರಲ್ಲಿ ಮಂತ್ರ ಮಾಯ ಇಲ್ಲ. ಕೆಂಡದಂಥ ಉಕ್ಕಿನ ಮೇಲೆ ನೇರ ಸೆನ್ಸರು ಇಡಲಾಗದು. ಹ್ಯಾಮರಿನ ಒಂದೊಂದು ಏಟೂ ದೊಡ್ಡ ಗದ್ದಲ, ಅದರಲ್ಲಿ ಬಿರುಕಿನ ದನಿ ಹುಡುಕುವುದು ಜಾತ್ರೆಯಲ್ಲಿ ಮಗುವಿನ ಅಳು ಹುಡುಕಿದ ಹಾಗೆ. ಬಿರುಕು ಎಷ್ಟು ಉದ್ದ ಅಂತಲೂ ಇದು ನೇರವಾಗಿ ಹೇಳುವುದಿಲ್ಲ. ಅದಕ್ಕೆ ಅಲ್ಟ್ರಾಸಾನಿಕ್ ಪರೀಕ್ಷೆ ಬೇಕೇ ಬೇಕು. ಅದರಲ್ಲಿ ನಾವು ಸದ್ದು ಕಳಿಸುತ್ತೇವೆ, ಇದರಲ್ಲಿ ಲೋಹ ತಾನೇ ಆಡಿದ್ದನ್ನು ಕೇಳುತ್ತೇವೆ. ವ್ಯತ್ಯಾಸ ಅಷ್ಟೇ.

ಆದರೂ ಸುಲಭದ ಒಂದು ಜಾಗ ಇದೆ. ಆಕ್ಸಲ್ ಶಾಫ್ಟನ್ನು ಬಡಿದು, ಕಾಯಿಸಿ ತಣಿಸಿ ಗಟ್ಟಿ ಮಾಡಿದಾಗ ಅದು ಚೂರು ಸೊಟ್ಟಗಾಗುತ್ತದೆ. ಪ್ರೆಸ್ಸಿನಲ್ಲಿ ಒತ್ತಿ ನೆಟ್ಟಗೆ ಮಾಡುತ್ತಾರೆ. ಗಟ್ಟಿಯಾದ ಮೈ ಚಟ್ ಅನ್ನುವುದು ಅಲ್ಲೇ. ಮಾಲು ತಣ್ಣಗಿರುತ್ತದೆ, ಹ್ಯಾಮರಿನ ಏಟೂ ಇಲ್ಲ. ಒಳ್ಳೆಯ ಕಾರ್ಖಾನೆಗಳು ಈ ಪ್ರೆಸ್ಸಿಗೆ ಸೆನ್ಸರು ಹಾಕಿಯೇ ಕೆಲಸ ಮಾಡುತ್ತವೆ. ಮಿಕ್ಕವರೂ ಇಲ್ಲಿಂದ ಶುರು ಮಾಡಲಿ.

ಸಣ್ಣ ಘಟಕದವರು ದುಡ್ಡು ಎಲ್ಲಿಂದ ತರೋಣ ಅನ್ನುತ್ತಾರೆ. ನ್ಯಾಯವಾದ ಮಾತೇ. ಒಬ್ಬೊಬ್ಬರೂ ತರಬೇಕಿಲ್ಲ. ಕೈಗಾರಿಕಾ ವಸಾಹತಿನವರು ಸೇರಿ ಒಂದು ಪರೀಕ್ಷಾ ಕೇಂದ್ರ ಮಾಡಲಿ, ಐಟಿಐ ಹುಡುಗರನ್ನು ತರಬೇತು ಮಾಡಲಿ. ಉಕ್ಕಿನ ಜೊತೆ ಆಯುಷ್ಯ ಕಳೆದ ಹಿರಿಯರು ಭದ್ರಾವತಿಯಲ್ಲಿ ಮನೆಯಲ್ಲಿ ಕೂತಿದ್ದಾರೆ. ಯಾವ ಸದ್ದು ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಹುಡುಗರಿಗೆ ಅವರು ಹೇಳಿಕೊಡಲಿ. ಕಿವಿ ಇಲ್ಲದವನ ಕೈಗೆ ಯಂತ್ರ ಕೊಟ್ಟು ಏನು ಫಲ?

ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೂ ಒಂದು ಮಾತು. ಶಾಫ್ಟನ್ನು ತೂಗುಹಾಕಿ ಸುತ್ತಿಗೆಯಿಂದ ತಟ್ಟಿ ನೋಡುವುದು ಒಳ್ಳೆಯದೇ, ಆದರೆ ದೊಡ್ಡ ಬಿರುಕು ಮಾತ್ರ ಅದಕ್ಕೆ ಸಿಗುತ್ತದೆ. ಕೂದಲೆಳೆಯಂಥದ್ದು ಸಿಗುವುದಿಲ್ಲ. ಆದ್ದರಿಂದ ಪರೀಕ್ಷೆಯ ಸರ್ಟಿಫಿಕೇಟು ಕೇಳಿ. ಇಲ್ಲದ ಮಾಲನ್ನು ವಾಪಸು ಕಳಿಸಿ. ಹತ್ತು ಅಂಗಡಿಯವರು ಕೇಳಿದರೆ ಹನ್ನೊಂದನೆಯವನಿಗೆ ಕೇಳದೇನೇ ಬರುತ್ತದೆ.

ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಬಡಿದ ಆಕ್ಸಲ್ಲುಗಳನ್ನು ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಯೇ ಹೊರಗೆ ಬಿಡುತ್ತಾರೆ. ರೈಲಿನಲ್ಲಿ ಹೋಗುವವರ ಜೀವಕ್ಕಿರುವ ಬೆಲೆ ಬಸ್ಸಿನಲ್ಲಿ ನಿಂತು ಹೋಗುವವರ ಜೀವಕ್ಕೂ ಇದೆ. ಬಸ್ಸಿನ ಮಾಲೀಕರು, ಡಿಪೋದಲ್ಲಿ ಬಿಡಿಭಾಗ ಕೊಳ್ಳುವವರು ಅಗ್ಗದ ಟೆಂಡರಿನ ಜೊತೆಗೆ ಈ ಒಂದು ಷರತ್ತನ್ನೂ ಹಾಕಲಿ. ಸಂಬಂಧಪಟ್ಟವರು ಕಿವಿಗೊಡುವರೇ?