ಬೈಪೋಲಾರ್ ಕಾಯಿಲೆ: ಕೆಲಸದ ಜಾಗದ ಮಾತಿಗೆ ಕಡಿವಾಣ ಬೇಕು

ತೋಲ್ಪೆಟ್ಟಿ: ಕಾಫಿ ತೋಟ, ರೆಸಾರ್ಟ್, ಸಫಾರಿ ಜೀಪು. ತೋಲ್ಪೆಟ್ಟಿಯಲ್ಲೂ ಗಡಿಯಾಚೆಯ ಕುಟ್ಟದಲ್ಲೂ ಎಷ್ಟೋ ಕುಟುಂಬಗಳ ಹೊಟ್ಟೆಪಾಡು ಇವುಗಳಿಂದಲೇ. ಇಲ್ಲಿ ಬೆನ್ನುನೋವು ಎಂದರೆ ರಜೆ ಸಿಗುತ್ತದೆ. ಮನಸ್ಸಿನ ಕಾಯಿಲೆ ಎಂದರೆ ಮಾತ್ರ 'ಅವನಿಗೆ ತಲೆ ಸರಿ ಇಲ್ಲ ಮಾರಾಯ' ಎಂಬ ಸುದ್ದಿ ಸಂಜೆಯೊಳಗೆ ಲೈನ್‌ಮನೆ ಪೂರ್ತಿ ಹಬ್ಬುತ್ತದೆ.

ಬೈಪೋಲಾರ್ ಎಂದರೆ ಗಳಿಗೆಗೊಮ್ಮೆ ಮೂಡು ಬದಲಾಗುವುದಲ್ಲ. ದಿನಗಟ್ಟಲೆ ನಿದ್ದೆ ಬೇಡದ ಅತಿ ಉತ್ಸಾಹ, ಬಿಡುವಿಲ್ಲದ ಮಾತು, ಮಿತಿಯಿಲ್ಲದ ಖರ್ಚು. ಮತ್ತೊಂದು ಕಾಲದಲ್ಲಿ ಹಾಸಿಗೆ ಬಿಟ್ಟೇಳಲಾಗದ ಖಿನ್ನತೆ. ಚಿಕಿತ್ಸೆಯಿಂದ ವರ್ಷಗಟ್ಟಲೆ ಎಲ್ಲರಂತೆ ದುಡಿಯುವವರಿದ್ದಾರೆ. ಜೊತೆಗಾರರ ಕಣ್ಣಿಗೆ ಮಾತ್ರ ಮೊದಲನೆಯದು 'ಕುಡಿದಿದ್ದಾನೆ', ಎರಡನೆಯದು 'ಸೋಮಾರಿ'. ನ್ಯಾಯವಾಗಿ ಸಿಟ್ಟು ಬಂದರೂ 'ಇವತ್ತು ಮಾತ್ರೆ ನುಂಗಿಲ್ವಾ?' ಎಂಬ ಕುಹಕ.

ಈ ಮಾತಿಗೆ ಹೆದರಿದವರು ಮಾತ್ರೆ ಬಚ್ಚಿಡುತ್ತಾರೆ, ಕೊನೆಗೆ ಬಿಟ್ಟೇ ಬಿಡುತ್ತಾರೆ. ಕಾಯಿಲೆ ಮರುಕಳಿಸಿ ಕೆಲಸವೂ ಹೋಗುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೈಪೋಲಾರ್ ಇರುವ ನೂರರಲ್ಲಿ ಸುಮಾರು 70 ಮಂದಿ ಚಿಕಿತ್ಸೆಯಿಂದ ಹೊರಗಿದ್ದರು.

ಕಾನೂನು ಸುಮ್ಮನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿದೆ. ಖಿನ್ನತೆ ಮತ್ತು ಗೀಳುರೋಗವಿದ್ದ ಸಿಆರ್‌ಪಿಎಫ್ ಅಧಿಕಾರಿ ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದಲ್ಲಿ, ಮಾನಸಿಕ ಅಂಗವೈಕಲ್ಯ ಇರುವವರ ಮೇಲೆ ಶಿಸ್ತು ಕ್ರಮ ಹೂಡುವುದು ಪರೋಕ್ಷ ತಾರತಮ್ಯ ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದು ಸರ್ಕಾರಿ ನೌಕರಿಯ ಮಾತು. ದಿನಗೂಲಿಯವನು ಕೋರ್ಟಿಗೆ ಹೋಗುವುದುಂಟೆ? ಅವನ ಕೆಲಸ ಉಳಿಯುವುದು ಮೇಸ್ತ್ರಿ, ರೈಟರ್, ಪಕ್ಕದ ಜೊತೆಗಾರರ ನಡತೆಯಿಂದ.

ಮಾಡಬೇಕಾದ್ದು ದೊಡ್ಡದೇನಲ್ಲ. ನಿದ್ದೆಗೆಟ್ಟರೆ ಕಾಯಿಲೆ ಕೆರಳುವುದರಿಂದ ಸಾಲುಸಾಲು ನೈಟ್ ಡ್ಯೂಟಿ ಹಾಕಬಾರದು. ಲಿಥಿಯಂ ಮಾತ್ರೆ ನುಂಗುವವರು ಬೆವರು ಸುರಿಸಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಔಷಧದ ಪ್ರಮಾಣ ಏರಿ ಅಪಾಯ. ನೀರಿಗೆ ಬಿಡುವು, ರಕ್ತ ಪರೀಕ್ಷೆಗೆ ಅರ್ಧ ದಿನ ರಜೆ ಕೊಡಬೇಕು. ಮಾತು, ಖರ್ಚು ದಿಢೀರನೆ ಹೆಚ್ಚಿದರೆ ಮೂದಲಿಸದೆ ಅವರನ್ನೇ ಮೆತ್ತಗೆ ವಿಚಾರಿಸಬೇಕು. ಅವರು ಮೊದಲೇ ಒಪ್ಪಿದ್ದರೆ ಮನೆಯವರಿಗೂ ತಿಳಿಸಬೇಕು. ಕಾಯಿಲೆ ಇರುವವರೂ ಊರಿಗೆಲ್ಲ ಹೇಳಬೇಕಿಲ್ಲ, ನಂಬುಗೆಯ ಒಬ್ಬರಿಗೆ ಹೇಳಿಟ್ಟರೆ ಸಾಕು.

ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡ, ಮಲಯಾಳ ಎರಡರಲ್ಲೂ ಮಾತನಾಡಬಹುದು. ತೋಟದ ಆಫೀಸು, ಜೀಪ್ ಸ್ಟ್ಯಾಂಡುಗಳ ಗೋಡೆಯ ಮೇಲೆ ಈ ನಂಬರ್ ಬರೆಸಲು ಮಾಲೀಕರು, ಯೂನಿಯನ್‌ನವರು ಮುಂದಾಗಬೇಕು.